ಗೌರಿಯ ಕಾಲೂ, ನನ್ನ ನೀರಿನ ಪೈಪೂ

ಇದು ನನ್ನ ಕುದುರೆ ಗೌರಿಯ ಹಿಂಗಾಲು. ಗೊರಸಿನ ಮೇಲೆ, ಹಿಂಬದಿಯ ಗುಳಿಯಲ್ಲಿ ಕೂದಲು ಗಂಟುಗಂಟಾಗಿದೆ, ಕಾಣ್ತಿದೆ ಅಲ್ವಾ? ಮೊದಲು ಕೆಸರು ಅಂದುಕೊಂಡೆ. ಕೆಸರಲ್ಲ, ಹಕ್ಕಳೆ. ಮುಟ್ಟಿದರೆ ಕಾಲು ಝಾಡಿಸುತ್ತಾಳೆ, ಕ್ಯಾಮೆರಾ ಅಲ್ಲಾಡಿದ್ದು ಅದಕ್ಕೇ.

ತಪ್ಪು ನನ್ನದೇ. ಸಕಲೇಶಪುರದ ಜುಲೈ ಮಳೆ ಗೊತ್ತಲ್ಲ, ಅದರಲ್ಲಿ ನೆನೆದು ಬಂದವಳಿಗೆ ದಿನಾ ಸಂಜೆ ಪೈಪ್ ಹಿಡಿದು ಕಾಲು ತೊಳೆದು, ಒರೆಸದೆ ಹಾಗೇ ಲಾಯಕ್ಕೆ ಕಟ್ಟುತ್ತಿದ್ದೆ. ಎಷ್ಟು ಚೊಕ್ಕಟವಾಗಿ ಸಾಕ್ತೀನಿ ಅಂತ ಹೆಮ್ಮೆ ಬೇರೆ! ಈ ಚರ್ಮರೋಗಕ್ಕೆ ಮಡ್ ಫೀವರ್ ಅಂತಾರೆ. ಹೆಸರಿನಲ್ಲಿ ಮಣ್ಣಿದ್ದರೂ ನಿಜವಾದ ಕಳ್ಳ ನೀರು. ಚರ್ಮ ನೆನೆದು ನೆನೆದು ಮೆತ್ತಗಾದರೆ ಡರ್ಮಟೋಫಿಲಸ್ ಕಾಂಗೋಲೆನ್ಸಿಸ್ ಅನ್ನೋ ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತದೆ. 1915ರಲ್ಲಿ ಕಾಂಗೋದ ದನಗಳಲ್ಲಿ ಕಂಡದ್ದು, ಅದಕ್ಕೇ ಆ ಹೆಸರು. ಬಿಳಿ ಕಾಲಿನ ಕುದುರೆಗಳಿಗೆ ಕಾಟ ಜಾಸ್ತಿ, ಗೌರಿಗೂ ಬಿಳಿ ಕಾಲುಗಳಲ್ಲೇ ಬಂತು.

ಡಾಕ್ಟರ್ ಬಂದು ಮೊದಲು ಕೂದಲು ಕತ್ತರಿಸಿದರು. ಆಮೇಲೆ ತೆಳುವಾಗಿ ಬೆರೆಸಿದ ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿನಾಶಕ ಹಚ್ಚಿ, 10 ನಿಮಿಷ ಬಿಟ್ಟು, ತೊಳೆದು, ಹಳೇ ಪಂಚೆಯಿಂದ ಒತ್ತಿ ಒತ್ತಿ ಒಣಗಿಸಿದೆವು. ಈ ಒಣಗಿಸೋದಕ್ಕೇ ಅರ್ಧ ಗಂಟೆ ಹಿಡಿಯಿತು, ಸೊಂಟ ಬಿದ್ದುಹೋಯಿತು, ಆದರೆ ಇದನ್ನು ಬಿಟ್ಟರೆ ಔಷಧಿ ಹಚ್ಚಿಯೂ ಸುಮ್ನೆ. ನೆನೆದ ಹಕ್ಕಳೆ ತಾನಾಗಿ ಬಂದರೆ ಬರಲಿ, ಉಗುರು ಹಾಕಿ ಕೀಳಬೇಡಿ. ನಾನು ಒಂದನ್ನು ಕಿತ್ತೆ. ರಕ್ತ ಬಂತು, ಒದೆಯೂ ಬಿತ್ತು. ಕೈಗೆ ಗ್ಲೌಸ್ ಇರಲಿ, ಇದು ಮನುಷ್ಯರಿಗೂ ಅಂಟಬಹುದು.

ಕೊಬ್ಬರಿ ಎಣ್ಣೆ ಸುರಿ ಅಂತ ಪಕ್ಕದ ತೋಟದವರು ಹೇಳಿದರು. ಹಸಿ ಗಾಯದ ಮೇಲೆ ಎಣ್ಣೆ ಹಾಕಿದರೆ ತೇವ ಒಳಗೇ ಉಳಿಯುತ್ತದೆ, ಹಾಗಾಗಿ ಬೇಡ ಅಂದೆ. ಕಾಲು ಊದಿ ಬಿಸಿಯಾದರೆ, ಕುಂಟಿದರೆ, ಮನೆಮದ್ದು ಮಾಡುತ್ತಾ ಕೂರಬೇಡಿ, ಅವತ್ತೇ ಡಾಕ್ಟರ್‌ಗೆ ಫೋನ್ ಮಾಡಿ. ವಾರ ಕಳೆದರೂ ವಾಸಿಯಾಗದಿದ್ದರೆ ಹುಳಕಜ್ಜಿಯೋ ಫಂಗಸ್ಸೋ ಇರಬಹುದು, ಚರ್ಮ ಕೆರೆದು ಪರೀಕ್ಷೆ ಮಾಡಿಸಬೇಕು.

ಈಗ ಕೆಸರು ಮೆತ್ತಿಕೊಂಡು ಬಂದರೆ ತೊಳೆಯಲ್ಲ. ಒಣಗಲು ಬಿಟ್ಟು ಬ್ರಶ್ ಮಾಡುತ್ತೇನೆ. ನೀರಿನ ತೊಟ್ಟಿ ಹತ್ತಿರ ಜಲ್ಲಿ ಹಾಕಿಸಿದ್ದೇನೆ, ಅಲ್ಲೇ ಮೊಣಕಾಲುದ್ದ ಕೆಸರಿತ್ತು.

ಇವತ್ತು ಹನ್ನೆರಡನೇ ದಿನ. ಹೊಸ ಕೂದಲು ಚಿಗುರಿದೆ, ಎಡಗಾಲಲ್ಲಿ ಒಂದು ಚುಕ್ಕೆ ಮಾತ್ರ ಉಳಿದಿದೆ. ಪೈಪ್ ಕಂಡರೆ ಕಿವಿ ಹಿಂದಕ್ಕೆ ಮಡಚುತ್ತಾಳೆ, ನೋಡಿ, ನೋಡಿ!