ಮುಷ್ಟಿ ಗೊತ್ತಿತ್ತು, ದನಿ ಗೊತ್ತಿರಲಿಲ್ಲ

ಕೇಳುಗರಿಗೆ ನಮಸ್ಕಾರ.

ಭರತನಾಟ್ಯದ ವೇದಿಕೆಯಲ್ಲಿ ನಾನು ಮಹಿಷನನ್ನು ಎಷ್ಟು ಸಲ ಕೊಂದಿದ್ದೇನೋ ಲೆಕ್ಕವಿಲ್ಲ. ತ್ರಿಶೂಲ ಹಸ್ತ, ಅಂದರೆ ತ್ರಿಶೂಲವನ್ನು ತೋರುವ ಕೈಮುದ್ರೆ ಹಿಡಿದು, ಕಣ್ಣು ಕೆರಳಿಸಿ ಇರಿದದ್ದು ಮಾತ್ರ ಪ್ರತಿ ಸಲವೂ ಗಾಳಿಯನ್ನೇ. ಮೊಣಕಾಲು ಕೈಕೊಟ್ಟು ಕಾರ್ಯಕ್ರಮಗಳು ನಿಂತ ಮೇಲೆ, ನಲವತ್ತರ ಹೊಸ್ತಿಲಲ್ಲಿ ಆತ್ಮರಕ್ಷಣೆಯ ತರಗತಿಗೆ ಸೇರಿದೆ. ಕಲಿಸುವವರು ದಪ್ಪನೆಯ ಪ್ಯಾಡ್ ಹಿಡಿದು "ಹೊಡೆಯಿರಿ" ಎಂದರು. ನನ್ನ ಕೈ ಪ್ಯಾಡಿಗೆ ಒಂದು ಅಂಗುಲ ಇರುವಾಗಲೇ ನಿಂತಿತು. ಬಹಳ ಅಂದವಾಗಿ ನಿಂತಿತು. ಪಕ್ಕದವರಿಗೆ ನಗು ತಡೆಯಲಾಗಲಿಲ್ಲ.

ನೃತ್ಯ ಕೊಟ್ಟಿದ್ದೂ ಇತ್ತು. ಮೊಣಕಾಲು ಬಾಗಿಸಿ ಅರ್ಧ ಕುಳಿತಂತೆ ನಿಲ್ಲುವ ಅರೆಮಂಡಿಯಲ್ಲಿ ಪಳಗಿದ ದೇಹದ ಭಾರ ಕೆಳಗಿರುತ್ತದೆ. ತಳ್ಳಿದರೆ ಸುಲಭಕ್ಕೆ ಉರುಳುವುದಿಲ್ಲ. ಹೊಸಬರು ಮುಷ್ಟಿ ಕಟ್ಟುವಾಗ ಹೆಬ್ಬೆರಳನ್ನು ಒಳಗೆ ಮಡಚುತ್ತಾರೆ, ಗುದ್ದಿದಾಗ ನೋಯುವುದು ಅದೇ ಹೆಬ್ಬೆರಳು. ನಮ್ಮ ಮುಷ್ಟಿ ಹಸ್ತದಲ್ಲಿ ಹೆಬ್ಬೆರಳು ಉಳಿದ ಬೆರಳುಗಳ ಮೇಲೆಯೇ ಇರುತ್ತದೆ. ಅದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ.

ದನಿ ಮಾತ್ರ ಇರಲಿಲ್ಲ. ವೇದಿಕೆಯಲ್ಲಿ ನನ್ನ ಸಿಟ್ಟನ್ನೂ ಪಕ್ಕದಲ್ಲಿ ಕುಳಿತ ಗಾಯಕಿಯೇ ಹಾಡುತ್ತಿದ್ದರು. ತರಗತಿಯಲ್ಲಿ "ದೂರ ನಿಲ್ಲು" ಎಂದು ಕೂಗಬೇಕಾದಾಗ ನನ್ನ ಹುಬ್ಬು ಏರಿತು, ಮೂಗಿನ ಹೊಳ್ಳೆ ಅರಳಿತು, ರೌದ್ರ ಲಕ್ಷಣಬದ್ಧವಾಗಿ ಮುಖಕ್ಕೆ ಬಂತು. ಗಂಟಲಿನಿಂದ ಹೊರಟದ್ದು ಕೆಮ್ಮಿನಂಥ ಸದ್ದು.

ಈಗ ನಾನೇ ಕಲಿಸುತ್ತೇನೆ. ಮೊದಲ ದಿನವೆಲ್ಲ ದನಿಗೇ ಮೀಸಲು. ಸಂಗೀತ ಕಲಿತ ಹುಡುಗಿಯರು ಹೊಟ್ಟೆಯಿಂದ ಉಸಿರೆತ್ತುವುದನ್ನು ಬೇಗ ಹಿಡಿಯುತ್ತಾರೆ. ನರ್ತಕಿಯರದು ನನ್ನ ಹಾಗೆಯೇ ಪಾಡು. ಕೆಲವು ತಾಯಂದಿರು ಬಂದು, "ಕೂಗಾಟ ಯಾಕೆ ಮೇಡಂ, ಎರಡು ಏಟು ಕಲಿಸಿಕೊಡಿ" ಎನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಕತ್ತಲ ಗಲ್ಲಿಯ ಅಪರಿಚಿತ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳನ್ನು ತೆರೆದರೆ, ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಆರೋಪಿಗಳು ಪರಿಚಿತರೇ. ಗೊತ್ತಿರುವವರ ಮುಖಕ್ಕೆ ಗುದ್ದಲು ಕೈ ಏಳುವುದು ಅಷ್ಟು ಸುಲಭವೇ?

ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ 893 ವಿದ್ಯಾರ್ಥಿನಿಯರ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಪರಿಚಿತರಿಂದ ಬರುವ ಅಪಾಯವನ್ನು ಗುರುತಿಸುವುದು, ಒಳಗಿನ ಅಳುಕನ್ನು ದಾಟುವುದು, ಮಾತಿನಿಂದಲೂ ಮೈಯಿಂದಲೂ ಎದುರಿಸುವುದು, ಹೀಗೆ 12 ಗಂಟೆಯ ಪಾಠ. ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ, ಬರೀ ಕರಪತ್ರ ಪಡೆದವರಲ್ಲಿ ಶೇಕಡಾ 9.8, ಪಾಠ ಕಲಿತವರಲ್ಲಿ 5.2. ತಪ್ಪು ದೌರ್ಜನ್ಯ ಎಸಗುವವನದೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಈ ಅಂಕಿಗಳನ್ನು ನೋಡಿದ ಮೇಲೆ ತಾಯಂದಿರ ಜೊತೆ ವಾದಿಸಲು ನನಗೆ ಧೈರ್ಯ ಬಂದಿದೆ.

ಕಳೆದ ತಿಂಗಳು ಪದವಿ ಓದುವ ಹುಡುಗಿಯೊಬ್ಬಳು ಕೇಳಿದಳು: "ಮದುವೆಮನೆಯಲ್ಲಿ ಬೆನ್ನ ಮೇಲೆ ಕೈಯಿಟ್ಟು ತೆಗೆಯದೇ ನಿಲ್ಲುವ ಮಾವ ಒಬ್ಬರಿದ್ದಾರೆ. 'ಕೈ ತೆಗೆ' ಅನ್ನಲು ನಾಲಿಗೆ ಹೊರಳುವುದಿಲ್ಲ ಮೇಡಂ. ದೊಡ್ಡವರಿಗೆ ಏಕವಚನ ಹೇಗೆ?"

ಈ ತೊಡಕು ನನಗೆ ಹೊಳೆದೇ ಇರಲಿಲ್ಲ. ಬಹುವಚನದಲ್ಲೇ ಹೇಳು ಎಂದೆ. "ಮಾವ, ಕೈ ತೆಗೆಯಿರಿ." ನೃತ್ಯದ ಮೂಲ ಹೆಜ್ಜೆಗಳಾದ ಅಡವು ಹೇಳಿಕೊಡುವಾಗ ಮಾಡುತ್ತಿದ್ದಂತೆ ಕೈತಾಳ ಹಾಕಿ ಮತ್ತೆ ಮತ್ತೆ ಹೇಳಿಸಿದೆ. ಮೊದಲ ಸಲ "ರಿ" ಕೇಳಿಸಲೇ ಇಲ್ಲ. ಏಳನೆಯ ಸಲಕ್ಕೆ, ಹೊರಗೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಕಾವಲುಗಾರ ಎದ್ದು ಬಂದು ಬಾಗಿಲಲ್ಲಿ ಇಣುಕಿದ.