ಹೊಸ ಟಿವಿ ತಂತ್ರಜ್ಞಾನ: ಬೆಲೆ ಇಳಿಯಲಿ ಅಂತ ಎಷ್ಟು ದಿನ ಕಾಯಬೇಕು?

[ಪರದೆ: ಎಡದಿಂದ ಬಲಕ್ಕೆ ಇಳಿಯುತ್ತಾ ಹೋಗುವ ಒಂದು ಗೆರೆ. ಅಂಕಿಗಳಿಲ್ಲ.]

ಟಿವಿ ಇರಲಿ, ಪ್ರೊಜೆಕ್ಟರ್ ಇರಲಿ, ಡಿಸ್ಕ್ ಪ್ಲೇಯರ್ ಇರಲಿ, ಹೊಸ ತಂತ್ರಜ್ಞಾನ ಬಂದ ವರ್ಷ ಬೆಲೆ ಕೈಗೆಟುಕಲ್ಲ. ಕಾದರೆ ಇಳಿಯುತ್ತೆ ಅಂತ ಎಲ್ಲರಿಗೂ ಗೊತ್ತು. ಆದರೆ "ಇನ್ನೂ ಸ್ವಲ್ಪ ಇಳೀಲಿ" ಅನ್ನೋದಕ್ಕೆ ಕೊನೆ ಇಲ್ಲ, ಮುಂದಿನ ವರ್ಷವೂ ಅದೇ ಮಾತು. ಹಾಗಾಗಿ ಇವತ್ತು ಒಂದು ಲೆಕ್ಕ ಹಾಕೋಣ. ಕಾಗದ, ಪೆನ್ನು, ಅಳತೆ ಟೇಪು ತಗೊಳ್ಳಿ.

ಮೊದಲು ಸೆಟ್ಟಿನ ಪೂರ್ತಿ ಬೆಲೆಯನ್ನ ಪಕ್ಕಕ್ಕಿಡಿ. ಅದೇ ಅಳತೆಯ, ಹಿಂದಿನ ತಲೆಮಾರಿನ ಒಂದು ಒಳ್ಳೆ ಸೆಟ್ಟಿನ ಬೆಲೆ 100 ಅಂದುಕೊಳ್ಳಿ. ಹೊಸ ತಂತ್ರಜ್ಞಾನದ ಸೆಟ್ಟು 180. ಟಿವಿ ಅಂತ ಒಂದು ಹೇಗೂ ಬೇಕಲ್ಲ, ಆ 100 ಖರ್ಚಾಗೋದೇ. ನೀವು ಯೋಚನೆ ಮಾಡಬೇಕಾಗಿರೋದು ಮೇಲಿನ 80ರ ಬಗ್ಗೆ ಮಾತ್ರ.

[ಪರದೆ: ಹೆಚ್ಚುವರಿ ಬೆಲೆ. ಈಗ 80, ಒಂದು ವರ್ಷಕ್ಕೆ 50, ಎರಡಕ್ಕೆ 35, ಮೂರಕ್ಕೆ 28]

ಈ ಅಂಕಿಗಳು ಉದಾಹರಣೆಗೆ ಅಷ್ಟೇ, ನಿಮ್ಮ ಲೆಕ್ಕವನ್ನ ರೂಪಾಯಿಯಲ್ಲೇ ಹಾಕಿ. ಆದರೆ ಗೆರೆಯ ಆಕಾರ ನಿಜ. ಮೊದಲು ಧುಮುಕುತ್ತೆ, ಆಮೇಲೆ ತೆವಳುತ್ತೆ. ಈಗ ಹೊಸ ತಂತ್ರಜ್ಞಾನದಿಂದ ನಿಜವಾಗಿ ಲಾಭ ಆಗೋ ಥರದ ವಿಡಿಯೋ ವಾರಕ್ಕೆ ಎಷ್ಟು ಗಂಟೆ ನೋಡ್ತೀರಿ ಅಂತ ಬರೆದುಕೊಳ್ಳಿ. 4 ಗಂಟೆ ಅಂದರೆ ವರ್ಷಕ್ಕೆ ಸುಮಾರು 200.

ಬಹಳ ಜನ ಎಡವೋದು ಇಲ್ಲೇ. ಆರು ವರ್ಷ ಇಟ್ಟುಕೊಳ್ತೀನಿ, 1200 ಗಂಟೆ ಆಯ್ತು, 80 ಭಾಗಿಸು 1200, ಗಂಟೆಗೆ 0.067, ಅಗ್ಗ ಅಂತ ತೀರ್ಮಾನಿಸಿಬಿಡ್ತಾರೆ. ಆದರೆ ಕೊಳ್ಳೋದೋ ಬೇಡವೋ ಅನ್ನೋದು ಪ್ರಶ್ನೆಯೇ ಅಲ್ಲ. ಈಗಲೋ, ಒಂದು ವರ್ಷ ಬಿಟ್ಟೋ ಅನ್ನೋದು ಪ್ರಶ್ನೆ. ಒಂದು ವರ್ಷ ಕಾದರೆ 30 ಉಳಿಯುತ್ತೆ, 200 ಗಂಟೆ ಕೈತಪ್ಪುತ್ತೆ. ಅಂದರೆ ಈ ಮೊದಲ ವರ್ಷದ ಒಂದೊಂದು ಗಂಟೆಗೆ ನೀವು ಕೊಡ್ತಿರೋದು 0.15, ಸರಾಸರಿಯ ಎರಡು ಪಟ್ಟಿಗೂ ಹೆಚ್ಚು. ಎರಡನೇ ವರ್ಷ ಉಳಿಯೋದು 15, ಗಂಟೆಗೆ 0.075. ಮೂರನೇ ವರ್ಷ 7, ಗಂಟೆಗೆ 0.035. ಈ ದರ ನಿಮ್ಮ ಮನಸ್ಸಿಗೆ ಒಪ್ಪಿಗೆಯಾದ ವರ್ಷ ಕೊಂಡುಬಿಡಿ. ಅದಕ್ಕಿಂತ ಮುಂದೆ ಕಾಯೋದು ಜಿಪುಣತನವೂ ಅಲ್ಲ, ಲೆಕ್ಕ ತಪ್ಪೋದು.

ಒಪ್ಪಿಗೆಯ ದರ ಯಾವುದು ಅಂತ ಹೇಗೆ ಗೊತ್ತಾಗಬೇಕು? ಒಂದು ಉಪಾಯ ಇದೆ. ಸ್ಟ್ರೀಮಿಂಗ್ ಸೇವೆಗಳಲ್ಲಿ 4ಕೆ (ಫುಲ್ ಎಚ್‌ಡಿಗಿಂತ ಸೂಕ್ಷ್ಮವಾದ ಚಿತ್ರ) ಇರೋ ಪ್ಲಾನಿಗೂ ಇಲ್ಲದ ಪ್ಲಾನಿಗೂ ತಿಂಗಳಿಗೆ ಇಷ್ಟು ಅಂತ ವ್ಯತ್ಯಾಸ ಇರುತ್ತಲ್ಲ, ಅದನ್ನ ನೀವು ತಿಂಗಳಿಗೆ ನೋಡೋ ಗಂಟೆಗಳಿಂದ ಭಾಗಿಸಿ. ದುಬಾರಿ ಪ್ಲಾನಿನಲ್ಲಿ ಒಂದೇ ಹೊತ್ತಿಗೆ ಹೆಚ್ಚು ಪರದೆಗಳಲ್ಲಿ ನೋಡೋ ಸೌಲಭ್ಯವೂ ಸೇರಿರುತ್ತೆ, ಹಾಗಾಗಿ ಅದನ್ನ ಮೇಲಿನ ಮಿತಿ ಅಂತ ಇಟ್ಟುಕೊಳ್ಳಿ. ಆ ವ್ಯತ್ಯಾಸವನ್ನೇ ಕೊಡೋಕೆ ಮನಸ್ಸಿಲ್ಲದಿದ್ದರೆ, ಹೊಸ ಪರದೆಗೆ ಹೆಚ್ಚು ಕೊಡೋದಕ್ಕೂ ಕಾರಣ ಇಲ್ಲ.

[ಪರದೆ: ಎರಡು ಸಾಲು. ಮೇಲೆ 4ಕೆ, ಎಚ್‌ಡಿಆರ್, 3ಡಿ, 8ಕೆ. ಕೆಳಗೆ ಕಪ್ಪಿನ ಆಳ, ನೋಡುವ ಕೋನ, ಪರದೆಯ ಅಳತೆ]

ಈ ಗಂಟೆಗಳನ್ನ ಎಣಿಸುವಾಗ ಪ್ರಾಮಾಣಿಕವಾಗಿರಿ. ಮೇಲಿನ ಸಾಲಿನವಕ್ಕೆ ತಕ್ಕ ವಿಡಿಯೋ ಬೇಕು. (8ಕೆ ಅಂದರೆ 4ಕೆಗಿಂತಲೂ ಸೂಕ್ಷ್ಮ ಚಿತ್ರ, ಎಚ್‌ಡಿಆರ್ ಅಂದರೆ ಬೆಳಕಿಗೂ ಕತ್ತಲೆಗೂ ಹೆಚ್ಚು ಅಂತರ ತೋರಿಸೋ ಚಿತ್ರ.) ಹಳೇ ಸಿನಿಮಾ, ಸುದ್ದಿ ಚಾನೆಲ್ಲು ನೋಡುವಾಗ ಅವುಗಳ ಲೆಕ್ಕ ಸೊನ್ನೆ. ಕೆಳಗಿನ ಸಾಲಿನವು ಏನು ಹಾಕಿದರೂ ಕೆಲಸ ಮಾಡ್ತವೆ. ಓಎಲ್‌ಇಡಿ ಪರದೆಯಲ್ಲಿ ಒಂದೊಂದು ಪಿಕ್ಸೆಲ್ಲೂ, ಅಂದರೆ ಚಿತ್ರದ ಒಂದೊಂದು ಚುಕ್ಕೆಯೂ, ತಾನೇ ಬೆಳಗಿ ತಾನೇ ಆರುತ್ತೆ. ಹಾಗಾಗಿ ಕಪ್ಪು ಕಪ್ಪಾಗೇ ಇರುತ್ತೆ, ಡಿವಿಡಿ ಹಾಕಿದರೂ ಅಷ್ಟೇ. ವಾರಕ್ಕೆ 20 ಗಂಟೆ ಟಿವಿ ನೋಡೋ ಮನೆಯಲ್ಲಿ ಅದಕ್ಕೆ ಆ 20 ಗಂಟೆಯೂ ಲೆಕ್ಕಕ್ಕೆ ಬರುತ್ತೆ. ಒಂದೇ ಚಾನೆಲ್ಲಿನ ಲೋಗೋ ದಿನವಿಡೀ ಒಂದೇ ಮೂಲೆಯಲ್ಲಿ ಉರಿಯೋ ಮನೆಗೆ ಮಾತ್ರ ಓಎಲ್‌ಇಡಿ ಬೇಡ, ಆ ಗುರುತು ಪರದೆ ಮೇಲೆ ಉಳಿದುಬಿಡಬಹುದು.

3ಡಿ ಟಿವಿ ಕಥೆ ನೆನಪಿರಬಹುದು. 2010ರಲ್ಲಿ ಅಬ್ಬರದಿಂದ ಬಂತು, 2017ರ ಮಾದರಿಗಳಲ್ಲಿ ಎಲ್‌ಜಿ, ಸೋನಿ ಎರಡೂ ಕೈಬಿಟ್ಟವು. ಕೊನೆಕೊನೆಗೆ ಅದಕ್ಕೆ ಹೆಚ್ಚುವರಿ ಬೆಲೆ ಅಂತ ಹೆಚ್ಚೇನೂ ಇರಲಿಲ್ಲ, ಆದರೂ ಯಾರಿಗೂ ಬೇಕಾಗಲಿಲ್ಲ. ನೋಡೋ ಗಂಟೆ ಸೊನ್ನೆ ಆದರೆ ಎಷ್ಟು ಅಗ್ಗವಾದರೂ ದುಬಾರಿಯೇ. 8ಕೆ ಇವತ್ತು ಅದೇ ದಾರಿಯಲ್ಲಿದೆ. ಜಪಾನಿನ ಎನ್‌ಎಚ್‌ಕೆ 2018ರ ಡಿಸೆಂಬರ್ 1ರಿಂದ 8ಕೆ ಪ್ರಸಾರ ಮಾಡ್ತಿದೆ, ಯೂಟ್ಯೂಬಿನಲ್ಲಿ ಒಂದಷ್ಟು 8ಕೆ ವಿಡಿಯೋಗಳಿವೆ. ಸಿನಿಮಾ, ಸರಣಿ ಕೊಡೋ ದೊಡ್ಡ ಸ್ಟ್ರೀಮಿಂಗ್ ಸೇವೆಗಳು ಮಾತ್ರ 4ಕೆಗೇ ನಿಂತಿವೆ.

ಇನ್ನು ಅಳತೆ ಟೇಪು ತೆಗೀರಿ. ಸೋಫಾದಿಂದ ಪರದೆಗೆ ಎಷ್ಟು ದೂರ? 6/6 ದೃಷ್ಟಿ ಇರೋ ಕಣ್ಣು ಬೇರೆಬೇರೆ ಅಂತ ಗುರುತಿಸೋ ಅತಿ ಸಣ್ಣ ಕೋನ ಒಂದು ಡಿಗ್ರಿಯ 60ರಲ್ಲಿ ಒಂದು ಭಾಗ. ಅದರಿಂದ ಒಂದು ಸುಲಭ ಸೂತ್ರ ಸಿಗುತ್ತೆ. ಪರದೆಯ ಅಗಲದ 1.8 ಪಟ್ಟಿಗಿಂತ ಹಿಂದೆ ಕೂತರೆ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಕಾಣಲ್ಲ. 4ಕೆಯ ಪೂರ್ತಿ ವಿವರ ಸಿಗೋದು 0.9 ಪಟ್ಟಿನಷ್ಟು ಹತ್ತಿರದಲ್ಲಿ. 8ಕೆಗೆ ಅದರ ಅರ್ಧ.

[ಪರದೆ: 55 ಇಂಚು, ಅಗಲ 122 ಸೆಂ.ಮೀ., 2.2 ಮೀ. ಮತ್ತು 1.1 ಮೀ. | 65 ಇಂಚು, ಅಗಲ 144 ಸೆಂ.ಮೀ., 2.6 ಮೀ. ಮತ್ತು 1.3 ಮೀ.]

55 ಇಂಚಿನ ಪರದೆಯಲ್ಲಿ 8ಕೆ ಪೂರ್ತಿ ಕಾಣಬೇಕಾದರೆ ಸುಮಾರು ಅರ್ಧ ಮೀಟರ್ ದೂರದಲ್ಲಿ ಕೂರಬೇಕು. ಹಾಗೆ ಕೂತು ಯಾರು ಸಿನಿಮಾ ನೋಡ್ತಾರೆ? ನೀವು ಮೂರು ಮೀಟರ್ ದೂರ ಕೂರೋದಾದರೆ ಹೆಚ್ಚಿನ ದುಡ್ಡನ್ನ ಪಿಕ್ಸೆಲ್ಲಿಗೆ ಹಾಕಬೇಡಿ, ಅಳತೆಗೋ ಕಪ್ಪಿನ ಆಳಕ್ಕೋ ಹಾಕಿ.

ಈಗ ಬೆಲೆ ಯಾಕೆ ಇಳಿಯುತ್ತೆ ಅಂತ ನೋಡೋಣ. ಅದು ಗೊತ್ತಿದ್ದರೆ ಯಾವ ಅಳತೆ ಮೊದಲು ಇಳಿಯುತ್ತೆ ಅಂತಲೂ ಊಹಿಸಬಹುದು. ಕಾರ್ಖಾನೆಯಲ್ಲಿ ಪ್ಯಾನೆಲ್‌ಗಳನ್ನ ಒಂದೊಂದಾಗಿ ಮಾಡಲ್ಲ. ದೊಡ್ಡದೊಂದು ಗಾಜಿನ ಹಾಳೆ ಮೇಲೆ ಹಲವನ್ನ ಒಟ್ಟಿಗೆ ಮಾಡಿ ಕತ್ತರಿಸ್ತಾರೆ. ದರ್ಜಿ ಬಟ್ಟೆ ಕತ್ತರಿಸಿದ ಹಾಗೆ, ಚೂರು ಕಡಿಮೆ ಉಳಿದಷ್ಟೂ ಲಾಭ. ಈ ಹಾಳೆಗಳನ್ನ ಅಳತೆ ಮೇಲೆ ಇಷ್ಟನೇ ತಲೆಮಾರು ಅಂತ ಕರೀತಾರೆ. 8.5ನೇ ತಲೆಮಾರಿನ ಹಾಳೆ 2200 × 2500 ಮಿ.ಮೀ. ಅದರಲ್ಲಿ 55 ಇಂಚಿನ ಆರು ಪ್ಯಾನೆಲ್ ಚೆನ್ನಾಗಿ ಕೂರ್ತವೆ, 65 ಇಂಚಿನವು ಮೂರೇ, ಪಕ್ಕದಲ್ಲಿ ಉದ್ದನೆ ಪಟ್ಟಿ ಉಳಿಯುತ್ತೆ. ಹಾಗಾಗಿ ಬಹಳ ವರ್ಷ 55ರಿಂದ 65ಕ್ಕೆ ಹೋದರೆ ಬೆಲೆ ಹಾರುತ್ತಿತ್ತು. 2018ರ ಹೊತ್ತಿಗೆ ಚೀನಾದಲ್ಲಿ ಬಿಒಇ ಕಂಪನಿಯ 10.5ನೇ ತಲೆಮಾರಿನ ಕಾರ್ಖಾನೆ ಶುರುವಾಯ್ತು. ಅಲ್ಲಿನ ಹಾಳೆ 2940 × 3370 ಮಿ.ಮೀ. 65 ಇಂಚಿನವು ಎಂಟು, 75 ಇಂಚಿನವು ಆರು. ದೊಡ್ಡ ಎಲ್‌ಸಿಡಿ ಟಿವಿ ಅಗ್ಗವಾಗಿದ್ದಕ್ಕೆ ಇಂಥ ಕಾರ್ಖಾನೆಗಳು ಮುಖ್ಯ ಕಾರಣ.

ಇದಕ್ಕೆ ಇನ್ನೊಂದು ಮುಖ ಇದೆ. ದೊಡ್ಡ ಓಎಲ್‌ಇಡಿ ಟಿವಿ ಪ್ಯಾನೆಲ್‌ಗಳು 8.5ನೇ ತಲೆಮಾರಿನ ಗಾಜಿನಲ್ಲೇ ಆಗ್ತವೆ. ಎರಡು 77 ಇಂಚಿನವನ್ನ ಇಟ್ಟ ಮೇಲೆ ಉಳಿದ ಪಟ್ಟಿಯಲ್ಲಿ ಎರಡು 48 ಇಂಚಿನವು ಕೂರ್ತವೆ. ಹೀಗೆ 48 ಇಂಚಿನವು ಸಿಗೋದು 77ರ ಜೊತೆಗೆ, ಒಂದು ಹಾಳೆಗೆ ಆರು ಕೂರೋ 55ರಷ್ಟು ಸಲೀಸಾಗಿ ಅಲ್ಲ. 48 ಇಂಚಿನ ಓಎಲ್‌ಇಡಿ 55ಕ್ಕಿಂತ ತುಂಬಾ ಅಗ್ಗ ಇರುತ್ತೆ ಅಂತ ಕಾಯೋರು ಇದನ್ನ ಗಮನಿಸಬೇಕು. ಜೊತೆಗೆ ಹೊಸ ತಂತ್ರಜ್ಞಾನದ ಶುರುವಿನಲ್ಲಿ ಹಾಳೆ ಮೇಲೆ ದೋಷಗಳು ಜಾಸ್ತಿ. ದೊಡ್ಡ ಪ್ಯಾನೆಲ್ಲಿನಲ್ಲಿ ಒಂದೇ ದೋಷ ಇದ್ದರೂ ಅಷ್ಟೂ ಗಾಜು ದಂಡ. ಅದಕ್ಕೇ ದೊಡ್ಡ ಅಳತೆಯವು ಕೊನೆಗೆ ಇಳಿಯೋದು.

[ಪರದೆ: ಟಿವಿಯ ಹಿಂಭಾಗ, ಎಚ್‌ಡಿಎಂಐ ಸಾಕೆಟ್ಟುಗಳು]

ಬೆಲೆಗಿಂತ ಮೊದಲು ನೋಡಬೇಕಾದ ವಿಷಯ ಒಂದಿದೆ: ಮಾನದಂಡಗಳು ಗಟ್ಟಿಯಾಗಿವೆಯಾ? 2012-13ರಲ್ಲಿ 4ಕೆ ಟಿವಿ ಕೊಂಡವರಿಗೆ ಸಿಕ್ಕಿದ್ದು ಎಚ್‌ಡಿಎಂಐ 1.4. ಅದರಲ್ಲಿ 4ಕೆ ಸೆಕೆಂಡಿಗೆ 30 ಫ್ರೇಮಿಗೇ ಮಿತಿ. 60 ಫ್ರೇಮ್ ಕೊಡೋ ಎಚ್‌ಡಿಎಂಐ 2.0 ಪ್ರಕಟವಾಗಿದ್ದು 2013ರ ಸೆಪ್ಟೆಂಬರಿನಲ್ಲಿ. ನಕಲು ತಡೆಯೋ ಎಚ್‌ಡಿಸಿಪಿ 2.2 ಆ ಮೊದಲ ಸೆಟ್ಟುಗಳಲ್ಲಿ ಇರಲಿಲ್ಲ, 4ಕೆ ಪೆಟ್ಟಿಗೆಗಳು, ಪ್ಲೇಯರ್‌ಗಳು ಅದನ್ನೇ ಕೇಳಿದವು. ಎಚ್‌ಡಿಆರ್ ಮಾನದಂಡಗಳಲ್ಲಿ ಒಂದಾದ ಎಚ್‌ಡಿಆರ್10 2015ಕ್ಕೆ, 4ಕೆ ಬ್ಲೂ-ರೇ 2016ಕ್ಕೆ ಬಂತು. ಅಂದರೆ ಅತಿ ಹೆಚ್ಚು ಬೆಲೆ ತೆತ್ತವರಿಗೇ ಅತಿ ಕಡಿಮೆ ಸೌಲಭ್ಯ. ಇಂಥದ್ದನ್ನ ಸಾಫ್ಟ್‌ವೇರ್ ಅಪ್‌ಡೇಟ್ ಸಾಮಾನ್ಯವಾಗಿ ಪೂರ್ತಿ ಸರಿಮಾಡಲ್ಲ, ಅದು ಹೆಚ್ಚಾಗಿ ಚಿಪ್ಪಿನೊಳಗಿರೋ ವಿಷಯ. ಎವಿ1 ಥರದ ವಿಧಾನದಲ್ಲಿ ಕುಗ್ಗಿಸಿದ ವಿಡಿಯೋ ಬಿಡಿಸೋ ಕೆಲಸವೂ ಹಾಗೇ.

ಎರಡು ಮಾದರಿಗಳು ಕಾದಾಡ್ತಿದ್ದರಂತೂ ದೂರ ನಿಲ್ಲಿ. ಬ್ಲೂ-ರೇ ಡಿಸ್ಕಿಗೆ ಎದುರಾಳಿಯಾಗಿ ಎಚ್‌ಡಿ ಡಿವಿಡಿ 2006ರಲ್ಲಿ ಬಂತು, 2008ರ ಫೆಬ್ರುವರಿಯಲ್ಲಿ ತೊಶಿಬಾ ಅದನ್ನ ನಿಲ್ಲಿಸಿತು. ಎರಡು ವರ್ಷವೂ ತುಂಬಲಿಲ್ಲ.

ಇನ್ನೊಂದು ಬಲೆ: ಹೆಸರು ಮಾತ್ರ ಅಗ್ಗವಾಗೋದು. ಡಬ್ಬದ ಮೇಲೆ "ಎಚ್‌ಡಿಆರ್" ಅಂತಿರುತ್ತೆ. ಎಚ್‌ಡಿಆರ್ ಸಿನಿಮಾಗಳನ್ನ ಸಾಮಾನ್ಯವಾಗಿ 1000 ನಿಟ್ಸ್ ಅಥವಾ ಅದಕ್ಕೂ ಮೇಲಿನ ಹೊಳಪಿಗೆ ಸಿದ್ಧಪಡಿಸಿರ್ತಾರೆ. 300 ನಿಟ್ಸ್ ಕೊಡೋ, ಹಿಂಬೆಳಕನ್ನ ಭಾಗಭಾಗವಾಗಿ ತಗ್ಗಿಸೋಕೆ ಬರದ ಸೆಟ್ಟು ಆ ಸಿಗ್ನಲ್ ತಗೊಳ್ಳುತ್ತೆ, ತೋರಿಸೋಕೆ ಆಗಲ್ಲ. ಎಷ್ಟೋ ಸಲ ಎಚ್‌ಡಿಆರ್ ಹಾಕಿದಾಗ ಚಿತ್ರ ಇನ್ನೂ ಮಬ್ಬಾಗುತ್ತೆ. ಪ್ರೊಜೆಕ್ಟರ್‌ನಲ್ಲಿ "4ಕೆ ಸಪೋರ್ಟ್" ಅಂದರೂ ಇದೇ ಕಥೆ, ಒಳಗಿನ ಚಿಪ್ಪು 1280 × 720 ಇರಬಹುದು. "ನೇಟಿವ್ ರೆಸಲ್ಯೂಷನ್" ಅನ್ನೋ ಸಾಲು ಹುಡುಕಿ, ಹೊಳಪನ್ನ ಆನ್ಸಿ ಲ್ಯೂಮೆನ್ ಲೆಕ್ಕದಲ್ಲೇ ಕೇಳಿ. "ಎಚ್‌ಡಿಎಂಐ 2.1" ಅನ್ನೋ ಮುದ್ರೆಯನ್ನೂ ಒಂದೇ ಏಟಿಗೆ ನಂಬಬೇಡಿ. 2.0ದ ಸಾಮರ್ಥ್ಯವಷ್ಟೇ ಇರೋ ಸಾಕೆಟ್ಟಿಗೂ ಆ ಹೆಸರು ಹಾಕೋಕೆ ನಿಯಮದಲ್ಲೇ ಅವಕಾಶ ಇದೆ. 4ಕೆ 120 ಹರ್ಟ್ಜ್ (ಸೆಕೆಂಡಿಗೆ 120 ಫ್ರೇಮ್) ತಗೊಳ್ಳುತ್ತಾ, ಎಷ್ಟು ಸಾಕೆಟ್ಟಿನಲ್ಲಿ, ಅಂತ ಕೇಳಿ.

ಹೆಚ್ಚುವರಿ ಬೆಲೆಗೆ ಸರಪಳಿಯ ಉಳಿದ ಕೊಂಡಿಗಳನ್ನೂ ಸೇರಿಸಿ: ಕೇಬಲ್, ಗೋಡೆಯ ಬ್ರಾಕೆಟ್, ದುಬಾರಿ ಪ್ಲಾನು. ಹಳೇ ಆಡಿಯೋ ರಿಸೀವರ್ ಮಧ್ಯದಲ್ಲಿದ್ದರೆ ಅದು 4ಕೆ 120ನ್ನ ದಾಟಿಸದೇ ಇರಬಹುದು. ಹೊಸ ರಿಸೀವರ್ ಕೊಳ್ಳೋಕೆ ಓಡಬೇಡಿ. ಟಿವಿ, ರಿಸೀವರ್ ಎರಡರಲ್ಲೂ ಇ-ಆರ್ಕ್ ಅನ್ನೋ ಸೌಲಭ್ಯ ಇದೆಯಾ ನೋಡಿ. ಇದ್ದರೆ ಪ್ಲೇಯರ್‌ನ್ನ ನೇರ ಟಿವಿಗೆ ಹಾಕಿ, ಟಿವಿಯಿಂದ ಸದ್ದನ್ನ ರಿಸೀವರ್‌ಗೆ ವಾಪಸ್ ಕಳಿಸಿ.

ಹಾಗಂತ ಕಾಯ್ತಾ ಕೂತರೆ ಬಸ್ಸು ಹೋಗಿಬಿಡೋದೂ ಉಂಟು. 4ಕೆ ಬ್ಲೂ-ರೇ ಡಿಸ್ಕ್ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಕೊಡಬಲ್ಲದು. ನೆಟ್‌ಫ್ಲಿಕ್ಸ್ 4ಕೆಗೆ ಬೇಕು ಅನ್ನೋ ಇಂಟರ್ನೆಟ್ ವೇಗ 15. ಕತ್ತಲೆ ದೃಶ್ಯಗಳಲ್ಲಿ, ಮಳೆ, ಹೊಗೆ ಇದ್ದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಆದರೆ ಪ್ಲೇಯರ್ ಮಾಡೋರು ಒಬ್ಬೊಬ್ಬರಾಗಿ ಹೊರಟರು: ಒಪ್ಪೋ 2018ರಲ್ಲಿ, ಸ್ಯಾಮ್‌ಸಂಗ್ 2019ರಲ್ಲಿ, ಎಲ್‌ಜಿ 2024ರಲ್ಲಿ. ಕಂಪ್ಯೂಟರಿನಲ್ಲಿ ನೋಡ್ತೀನಿ ಅಂದರೆ ಅದಕ್ಕೆ ಬೇಕಾದ ಎಸ್‌ಜಿಎಕ್ಸ್ ಅನ್ನೋ ಸೌಲಭ್ಯವನ್ನ ಇಂಟೆಲ್ 11ನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಿಂದ ತೆಗೆದುಹಾಕಿದೆ. ಡಿಸ್ಕ್ ಸಂಗ್ರಹಿಸೋ ಆಸೆ ಇರೋರಿಗೆ ಇಲ್ಲಿ ಕಾಯೋದರಿಂದ ಲಾಭ ಇಲ್ಲ. ಕಂಪನಿಗಳು ಕಡಿಮೆಯಾಗ್ತಿವೆ ಅಂದರೆ ಗೆರೆ ಮುಂದೆ ಮೇಲಕ್ಕೂ ತಿರುಗಬಹುದು.

ಕೊಳ್ಳೋ ತಿಂಗಳ ಬಗ್ಗೆ ಎರಡೇ ಮಾತು. ದೊಡ್ಡ ಕಂಪನಿಗಳು ಹೆಚ್ಚಾಗಿ ಜನವರಿಯಲ್ಲಿ ಹೊಸ ಮಾದರಿ ತೋರಿಸಿ, ನಂತರದ ತಿಂಗಳುಗಳಲ್ಲಿ ಮಾರಾಟಕ್ಕೆ ಬಿಡ್ತಾರೆ. ಹಳೇದೂ ಹೊಸದೂ ಒಟ್ಟಿಗೆ ಇರೋ ಆ ವಾರಗಳಲ್ಲಿ ಹಳೇದು ತಗೊಳ್ಳಿ, ಪ್ಯಾನೆಲ್ ಎಷ್ಟೋ ಸಲ ಅದೇ ಇರುತ್ತೆ. ರಿಯಾಯಿತಿ ಮಾರಾಟಕ್ಕೆ ಅಂತಲೇ ಮಾಡಿದ ಮಾದರಿಗಳೂ ಇರ್ತವೆ: ಹೆಸರು ಹತ್ತಿರಹತ್ತಿರ ಒಂದೇ, ಕೊನೆಯ ಒಂದೆರಡು ಅಕ್ಷರ ಬೇರೆ, ಒಳಗೆ ಹೊಳಪು ಕಡಿಮೆ, ಸಾಕೆಟ್ಟು ಕಡಿಮೆ. ಮಾದರಿ ಸಂಖ್ಯೆಯನ್ನ ಕೊನೆಯ ಅಕ್ಷರದವರೆಗೂ ಹೋಲಿಸಿ.

[ಪರದೆ: ಆರಿಹೋದ ಟಿವಿ]

ಇಷ್ಟೂ ಲೆಕ್ಕ ಮನೆಯ ಟಿವಿ ಓಡ್ತಿರುವಾಗ ಮಾತ್ರ. ಇವತ್ತೇ ಕೆಟ್ಟುಹೋಗಿದ್ದರೆ ಮೊದಲು ಒಂದು ಪರೀಕ್ಷೆ ಮಾಡಿ. ಸದ್ದು ಬರ್ತಿದೆ, ಚಿತ್ರ ಇಲ್ಲ ಅಂದರೆ ಕೋಣೆ ಕತ್ತಲೆ ಮಾಡಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಂಕಾಗಿ ಚಿತ್ರ ಕಂಡರೆ ಪ್ಯಾನೆಲ್ ಸರಿಯಾಗಿದೆ, ಹೋಗಿರೋದು ಹಿಂಬೆಳಕು. ಅದರ ಎಲ್‌ಇಡಿಗಳನ್ನ ಸಾಮಾನ್ಯವಾಗಿ ಸಾಲಾಗಿ ಜೋಡಿಸಿರೋದರಿಂದ ಒಂದು ಕೆಟ್ಟರೂ ಪೂರ್ತಿ ಆರಿಹೋಗುತ್ತೆ. ಪಟ್ಟಿ ಬದಲಾಯಿಸೋದು ರಿಪೇರಿಯವರಿಗೆ ಗೊತ್ತಿರೋ ಕೆಲಸ, ಅದರಿಂದ ಇನ್ನೊಂದೆರಡು ವರ್ಷ ಕಾಯೋಕೆ ಸಿಗಬಹುದು. ಪ್ಯಾನೆಲ್ಲೇ ಒಡೆದಿದ್ದರೆ ರಿಪೇರಿ ಬೇಡ. ಆಗ ಹೊಸ ತಂತ್ರಜ್ಞಾನದ ಅತಿ ಅಗ್ಗದ ಸೆಟ್ಟಿನ ಹಿಂದೆ ಹೋಗದೆ, ಅದೇ ದುಡ್ಡಿಗೆ ಸಿಗೋ ಹಿಂದಿನ ತಲೆಮಾರಿನ ಅತ್ಯುತ್ತಮ ಸೆಟ್ಟನ್ನೇ ತಗೊಳ್ಳಿ.