ಓಡುತ್ತಿರುವ ಕ್ಲಸ್ಟರಿಗೆ ಕೈ ಹಾಕುವಾಗ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಸಾಗರ, ಹೊಸನಗರದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗದ ತನಕ ಬಂದಿದ್ದೀರಿ. ತುಂಬಾ ಸಂತೋಷ. ಇವತ್ತಿನ ಮಾತು ಕುಬರ್ನೆಟಿಸ್ ಬಗ್ಗೆ. ಹಲವು ಕಂಪ್ಯೂಟರುಗಳನ್ನು ಒಂದು ಗುಂಪು ಮಾಡಿ ಅದರ ಮೇಲೆ ಪ್ರೋಗ್ರಾಂಗಳನ್ನು ಓಡಿಸುವ ವ್ಯವಸ್ಥೆ ಅದು. ಆ ಗುಂಪೇ ಕ್ಲಸ್ಟರ್, ಅದಕ್ಕೆ ಮಾತು ತಲುಪಿಸುವ ಕಮಾಂಡು ಕ್ಯೂಬ್‌ಸಿಟಿಎಲ್.

ಒಳಗೆ ಬರುವಾಗ ತೀರ್ಥಹಳ್ಳಿ ಕಡೆಯವರೊಬ್ಬರು ನನ್ನನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಊರಿನ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಯ ಕೆಲಸ ಮಾಡುವವರು ಅವರು. "ಸರ್, ಕ್ಯೂಬ್‌ಸಿಟಿಎಲ್ ಎಡಿಟ್ ಕೊಟ್ಟು ತಿದ್ದುತ್ತಾ ಇರುವಾಗ ಕರೆಂಟ್ ಹೋದರೆ ಕ್ಲಸ್ಟರ್ ಅರ್ಧಂಬರ್ಧ ಆಗಿಬಿಡುತ್ತಾ?" ಮರ ಬಿದ್ದು ಲೈನು ಹರಿಯುವುದು, ಟವರ್ ಸತ್ತುಹೋಗುವುದು ಮಳೆಗಾಲದಲ್ಲಿ ನಮಗೆ ದಿನದ ಮಾತು, ಅಲ್ವಾ? ಹಾಗಾಗಿ ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಏನೂ ಆಗುವುದಿಲ್ಲ. ಎಡಿಟ್ ಅಂತ ಕೊಟ್ಟ ತಕ್ಷಣ ಆ ಕಮಾಂಡು ಕ್ಲಸ್ಟರಿನ ಬಾಗಿಲಿನಂತಿರುವ ಎಪಿಐ ಸರ್ವರ್ ಹತ್ತಿರ ಹೋಗುತ್ತದೆ. ನೀವು ಕೇಳಿದ ಡಿಪ್ಲಾಯ್‌ಮೆಂಟಿನ, ಅಂದರೆ ಒಂದು ಪ್ರೋಗ್ರಾಂ ಹೇಗೆ ಓಡಬೇಕು ಅಂತ ಬರೆದಿಟ್ಟದ್ದರ, ವಿವರವನ್ನು ಯಾಮಲ್ ಅನ್ನುವ ಪಠ್ಯ ರೂಪದಲ್ಲಿ ತಂದು, ನಿಮ್ಮ ಲ್ಯಾಪ್‌ಟಾಪಿನಲ್ಲೇ ಒಂದು ತಾತ್ಕಾಲಿಕ ಫೈಲಿಗೆ ಬರೆಯುತ್ತದೆ. ನಿಮ್ಮ ಮುಂದೆ ತೆರೆದುಕೊಳ್ಳುವುದು ಆ ಫೈಲು. ಲಿನಕ್ಸ್ ಆದರೆ ವಿಐ, ವಿಂಡೋಸ್ ಆದರೆ ನೋಟ್‌ಪ್ಯಾಡ್. ಬೇರೆ ಎಡಿಟರ್ ಬೇಕಿದ್ದರೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ, ಅಂದರೆ ಪ್ರೋಗ್ರಾಂ ಹೊರಗಿನಿಂದ ಓದಿಕೊಳ್ಳುವ ಸೆಟ್ಟಿಂಗಿನಲ್ಲಿ, ಅದರ ಹೆಸರು ಕೊಡಬಹುದು. ವಿಐ ರೂಢಿ ಇಲ್ಲದವರು ಒದ್ದಾಡಬೇಕಾಗಿಲ್ಲ, ನ್ಯಾನೋ ಇಟ್ಟುಕೊಳ್ಳಿ. ನೀವು ಸೇವ್ ಮಾಡಿ ಹೊರಗೆ ಬಂದ ಮೇಲೆ ಮಾತ್ರ ಮೊದಲಿನ ಪ್ರತಿಗೂ ಈಗಿನದಕ್ಕೂ ಇರುವ ವ್ಯತ್ಯಾಸ ಸರ್ವರಿಗೆ ಹೋಗುತ್ತದೆ. ಅಲ್ಲಿಯವರೆಗೆ ನೀವು ಏನು ತಿದ್ದುತ್ತಿದ್ದೀರಿ ಅಂತ ಕ್ಲಸ್ಟರಿಗೆ ಗೊತ್ತೇ ಇರುವುದಿಲ್ಲ. ಏನೂ ಬದಲಿಸದೆ ಹೊರಗೆ ಬಂದರೂ ಅಷ್ಟೆ. ಎಡಿಟ್ ರದ್ದಾಗಿದೆ ಅಂತ ಒಂದು ಸಾಲು ತೋರಿಸಿ ಮುಗಿಸುತ್ತದೆ.

ಸೇವ್ ಆದ ಮೇಲಿನ ಕಥೆ ಬೇರೆ. 2014ರಲ್ಲಿ ಗೂಗಲ್ ಕುಬರ್ನೆಟಿಸನ್ನು ಹೊರಗೆ ಬಿಟ್ಟಾಗಿನಿಂದ ಅದರ ನಡೆ ಒಂದೇ: ನಿಮಗೆ ಏನು ಬೇಕೋ ಬರೆದಿಡಿ, ಹಾಗೇ ಇರುವಂತೆ ನಾನು ನೋಡಿಕೊಳ್ಳುತ್ತೇನೆ. ಅಡಿಕೆ ಕೊಯ್ಲಿನ ಹಿಂದಿನ ದಿನ ಮನೆಯ ಯಜಮಾನರು ಮೇಸ್ತ್ರಿಗೆ "ನಾಳೆ ಇಬ್ಬರು ಕೊನೆಗೌಡರು ಬೇಕು" ಅಂತ ಹೇಳುತ್ತಾರೆ ಅಂದುಕೊಳ್ಳಿ. ಒಬ್ಬರು ಬರಲಿಲ್ಲ ಅಂದರೆ ಇನ್ನೊಬ್ಬರನ್ನು ಹುಡುಕಿ ತರುವುದು ಮೇಸ್ತ್ರಿಯ ಕೆಲಸ. ಇಲ್ಲಿ ಕಂಟ್ರೋಲರ್ ಅಂದರೆ ಆ ಮೇಸ್ತ್ರಿ. ಡಿಪ್ಲಾಯ್‌ಮೆಂಟ್ ಎಡಿಟ್ ಮಾಡುವಾಗ ನೀವು ನೇರವಾಗಿ ಪಾಡ್‌ಗಳನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮಿನ ಪ್ರತಿಗಳನ್ನು, ಮುಟ್ಟುತ್ತಿಲ್ಲ, ಮೇಸ್ತ್ರಿಯ ಕೈಯಲ್ಲಿರುವ ಚೀಟಿಯನ್ನು ತಿದ್ದುತ್ತಿದ್ದೀರಿ. ರೆಪ್ಲಿಕಾ, ಅಂದರೆ ಪಾಡ್‌ಗಳ ಸಂಖ್ಯೆ, 2 ಇದ್ದದ್ದನ್ನು 3 ಮಾಡಿದರೆ ಇನ್ನೊಂದು ಪಾಡ್ ಬರುತ್ತದೆ, ಇದ್ದವು ಹಾಗೇ ಓಡುತ್ತಿರುತ್ತವೆ. ಪಾಡ್ ಹೇಗಿರಬೇಕು ಅಂತ ಹೇಳುವ ಟೆಂಪ್ಲೇಟ್ ಒಳಗೆ ಕೈ ಹಾಕಿ ಇಮೇಜನ್ನೋ (ಪ್ರೋಗ್ರಾಮಿನ ಕಟ್ಟು) ಮೆಮೊರಿಯನ್ನೋ ಬದಲಿಸಿದರೆ ಹಾಗಲ್ಲ. ಹಳೆಯ ಪಾಡ್‌ಗಳೆಲ್ಲ ಸ್ವಲ್ಪ ಸ್ವಲ್ಪವಾಗಿ ಹೋಗಿ ಹೊಸವು ಬರುತ್ತವೆ. ಒಂದೇ ಫೈಲಿನ ಎರಡು ಸಾಲು, ಪರಿಣಾಮ ಪೂರ್ತಿ ಬೇರೆ.

ಈಗ ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಹೇಳಬೇಕು. ಇವತ್ತು ಇಲ್ಲಿಗೆ ಬರಲು ಒಪ್ಪಿದ್ದೇ ಅದನ್ನು ಹೇಳಲಿಕ್ಕೆ.

ಹಿಂದೆ ಒಂದು ಕಡೆ ಕೆಲಸ ಮಾಡುತ್ತಿದ್ದಾಗ ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಬಂತು. ಬಿಲ್ಲಿಂಗ್ ಸರ್ವಿಸಿನ ಪಾಡ್‌ಗಳು ಎದ್ದು ಎದ್ದು ಬೀಳುತ್ತಿದ್ದವು. ಪಾಡ್‌ನ ಸ್ಥಿತಿ ತೋರಿಸುವ ಡಿಸ್ಕ್ರೈಬ್ ಕಮಾಂಡ್ ಕೊಟ್ಟು ನೋಡಿದೆ. ಊಮ್ ಕಿಲ್ಡ್, ಎಕ್ಸಿಟ್ ಕೋಡ್ 137. ಅಂದರೆ ಮೆಮೊರಿ ಮಿತಿ ದಾಟಿದ್ದಕ್ಕೆ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ ಕೊಂದಿದೆ. ಮಿತಿ 256 ಎಂಐ (ಮೆಬಿಬೈಟ್) ಇತ್ತು. ಎಡಿಟ್ ತೆರೆದೆ, 512 ಮಾಡಿದೆ, ಸೇವ್ ಮಾಡಿದೆ. ಎರಡು ನಿಮಿಷದಲ್ಲಿ ಎಲ್ಲ ಪಾಡ್‌ಗಳೂ ರನ್ನಿಂಗ್. ಸಮಾಧಾನವಾಯಿತು, ಮಲಗಿದೆ. ಟೀಮಿನ ಮೂಲ ಪ್ರತಿಗಳನ್ನು ಇಡುವ ಗಿಟ್‌ನಲ್ಲಿ ಇದೇ ಡಿಪ್ಲಾಯ್‌ಮೆಂಟಿನ ಫೈಲು ಇತ್ತು, ಅದಕ್ಕೆ ಆ ಬದಲಾವಣೆ ಹಾಕಲೇ ಇಲ್ಲ.

ಮೂರು ವಾರ ಕಳೆದ ಮೇಲೆ ಜೊತೆಯ ಹುಡುಗನೊಬ್ಬ ಲಾಗ್ ಲೆವೆಲ್ ಬದಲಿಸಲು ಅದೇ ಫೈಲನ್ನು ತಿದ್ದಿ ಅಪ್ಲೈ ಮಾಡಿದ, ಅಂದರೆ ಫೈಲಿನಲ್ಲಿರುವಂತೆ ಇರಲಿ ಅಂತ ಕ್ಲಸ್ಟರಿಗೆ ಕಳಿಸಿದ. ಫೈಲಿನಲ್ಲಿ 256 ಇತ್ತಲ್ಲ, ಅದೇ ವಾಪಸ್ ಬಂತು. ಅವತ್ತು ತಿಂಗಳ ಕೊನೆ, ಬಿಲ್ಲುಗಳು ಜಾಸ್ತಿ. ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ 137. ಅವನು ತಾನು ಬದಲಿಸಿದ ಆ ಒಂದು ಸಾಲಿನಲ್ಲೇ ತಪ್ಪು ಹುಡುಕುತ್ತಾ ಎರಡು ಗಂಟೆ ಕೂತಿದ್ದ. ಊಟಕ್ಕೂ ಏಳಲಿಲ್ಲ. ತಪ್ಪು ಅವನದಲ್ಲ, ನನ್ನದು. ಅವನು ನಂಬಿದ ಫೈಲು ಸುಳ್ಳು ಹೇಳುವಂತೆ ಮಾಡಿದ್ದು ನಾನು.

ಇದರಲ್ಲಿ ಇನ್ನೂ ಒಂದು ಒಳಸುಳಿ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಪ್ಲೈ ಮಾಡಿದರೆ ನಾವು ಎಡಿಟ್‌ನಲ್ಲಿ ಮಾಡಿದ್ದೆಲ್ಲ ತೊಳೆದುಹೋಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅಪ್ಲೈ ಮೂರನ್ನು ಎದುರಿಗಿಟ್ಟುಕೊಂಡು ನೋಡುತ್ತದೆ: ಹಿಂದಿನ ಸಲ ಅಪ್ಲೈ ಮಾಡಿದ್ದು, ಈಗ ಫೈಲಿನಲ್ಲಿರುವುದು, ಕ್ಲಸ್ಟರಿನಲ್ಲಿ ನಿಜವಾಗಿ ಇರುವುದು. ಫೈಲಿನಲ್ಲಿರುವ ಸಾಲನ್ನೇ ನೀವು ಎಡಿಟ್‌ನಲ್ಲಿ ಬದಲಿಸಿದ್ದರೆ ಫೈಲು ಗೆಲ್ಲುತ್ತದೆ. ನನ್ನ ಮೆಮೊರಿಗೆ ಆದದ್ದು ಅದು. ಆದರೆ ಫೈಲಿನಲ್ಲಿ ಎಂದೂ ಇಲ್ಲದ ಹೊಸದನ್ನು, ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನಿ, ಎಡಿಟ್‌ನಲ್ಲಿ ಸೇರಿಸಿದ್ದರೆ ಅದು ಹಾಗೇ ಉಳಿಯುತ್ತದೆ. ಅರ್ಧ ಹೋಯಿತು, ಅರ್ಧ ಉಳಿಯಿತು. ನನಗೆ ಇದರದ್ದೇ ಭಯ ಜಾಸ್ತಿ. ಹೋದದ್ದು ಬೇಗ ಗೊತ್ತಾಗುತ್ತದೆ. ಉಳಿದದ್ದು ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಅದೇ ಫೈಲಿನಿಂದ ಹೊಸ ಕ್ಲಸ್ಟರ್ ಕಟ್ಟಿದ ದಿನ ಅಲ್ಲಿ ಆ ವೇರಿಯಬಲ್ ಇರುವುದಿಲ್ಲ, ಪ್ರೋಗ್ರಾಂ ಓಡುವುದಿಲ್ಲ. ಯಾಕೆ ಅಂತ ಹೇಳಬೇಕಾದವರು ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿರಬಹುದು.

ಅಪ್ಲೈಗೆ ಮೊದಲು, ಏನು ಬದಲಾಗುತ್ತದೆ ಅಂತ ತೋರಿಸುವ ಡಿಫ್ ಕಮಾಂಡ್ ಕೊಟ್ಟು ನೋಡುವ ಅಭ್ಯಾಸ ಒಳ್ಳೆಯದು. 512 ಹೋಗಿ 256 ಆಗುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ. ಆದರೆ ಹಾಗೇ ಉಳಿದುಕೊಳ್ಳುವ ಸಾಲು ಡಿಫ್‌ನಲ್ಲೂ ಕಾಣುವುದಿಲ್ಲ, ನೆನಪಿರಲಿ.

ಮೆಮೊರಿಯ ಮಾತು ಬಂದಿದ್ದರಿಂದ ಒಂದು ಅಕ್ಷರದ ವಿಷಯವನ್ನೂ ಹೇಳಿಬಿಡುತ್ತೇನೆ. ಸಿಪಿಯು ಸಾಲಿನಲ್ಲಿ 500 ಬರೆದು ಪಕ್ಕದಲ್ಲಿ ಇಂಗ್ಲಿಷಿನ ಸಣ್ಣ ಎಂ ಹಾಕಿದರೆ ಅರ್ಧ ಕೋರ್. ಸರಿ. ಅದೇ ಕೈಯಲ್ಲಿ ಮೆಮೊರಿ ಸಾಲಿಗೂ 500, ಸಣ್ಣ ಎಂ ಅಂತ ಬರೆದರೆ? ಸಣ್ಣ ಎಂ ಅಂದರೆ ಸಾವಿರದಲ್ಲಿ ಒಂದು ಪಾಲು. ನೀವು ಕೇಳಿದ್ದು ಅರ್ಧ ಬೈಟ್! ಬೇಕಾಗಿದ್ದದ್ದು ದೊಡ್ಡ ಎಂ, ಅದರ ಪಕ್ಕ ಸಣ್ಣ ಐ. ನಿದ್ದೆಗಣ್ಣಿನಲ್ಲಿ ಇದು ಕಾಣುವುದೇ ಇಲ್ಲ. ಮೆಮೊರಿ ತಿದ್ದುವಾಗ ಆ ಸಾಲನ್ನು ಬಾಯಿಬಿಟ್ಟು ಓದಿ, ನಾನು ಈಗಲೂ ಹಾಗೇ ಮಾಡುತ್ತೇನೆ.

ಯಾಮಲ್‌ನಲ್ಲಿ ಟ್ಯಾಬ್ ಒತ್ತಿದರೋ, ಡಿಪ್ಲಾಯ್‌ಮೆಂಟಿನ ಸೆಲೆಕ್ಟರ್ (ಯಾವ ಪಾಡ್‌ಗಳು ತನ್ನವು ಅಂತ ಗುರುತಿಸುವುದು) ಥರದ ಬದಲಿಸಲಾಗದ ಸಾಲನ್ನು ಮುಟ್ಟಿದರೋ ಎಡಿಟರ್ ಮತ್ತೆ ತೆರೆದುಕೊಳ್ಳುತ್ತದೆ. ಮೇಲ್ಗಡೆ ಹ್ಯಾಶ್ ಗುರುತಿನ ಸಾಲುಗಳಲ್ಲಿ ಕಾರಣ ಬರೆದಿರುತ್ತದೆ. ಅದನ್ನು ಓದಿ, ಓದದೆ ಮತ್ತೆ ಸೇವ್ ಒತ್ತಬೇಡಿ. ಕೈಬಿಟ್ಟು ಹೊರಗೆ ಬಂದರೂ ನೀವು ತಿದ್ದಿದ ಪ್ರತಿ ತಾತ್ಕಾಲಿಕ ಫೋಲ್ಡರಿನಲ್ಲಿ ಉಳಿದಿರುತ್ತದೆ. ಎಲ್ಲಿದೆ ಅಂತ ಟರ್ಮಿನಲ್ಲೇ ಹೇಳುತ್ತದೆ. ಇನ್ನು ರೆಪ್ಲಿಕಾ ಎಷ್ಟಿರಬೇಕು ಅನ್ನುವುದು ಕೆಲಸದ ಹೊರೆ ನೋಡಿ ಹೆಚ್ಚು ಕಡಿಮೆ ಮಾಡುವ ಆಟೋಸ್ಕೇಲರ್ ಕೈಯಲ್ಲಿದ್ದರೆ ಅದನ್ನು ತಿದ್ದಿ ಪ್ರಯೋಜನವಿಲ್ಲ. ಅದು ತನ್ನ ಲೆಕ್ಕಕ್ಕೇ ವಾಪಸ್ ತರುತ್ತದೆ.

ಹಾಗಾದರೆ ಎಡಿಟ್ ಮುಟ್ಟಲೇಬಾರದಾ? ಹಾಗೆ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಜನ ಬಿಲ್ಲು ಕಟ್ಟಲಾಗದೆ ಕೂತಿರುವಾಗ ಗಿಟ್, ರಿವ್ಯೂ, ಪೈಪ್‌ಲೈನ್ ಅಂತ ಒಂದು ಗಂಟೆ ಕಾಯಿಸುವುದು ಸರಿಯಲ್ಲ. ತಿದ್ದಿ. ಆದರೆ ತಿದ್ದುವ ಮೊದಲು ಯಾವ ಕ್ಲಸ್ಟರಿನಲ್ಲಿದ್ದೀರಿ ಅಂತ ಕರೆಂಟ್ ಕಾಂಟೆಕ್ಸ್ಟ್ ನೋಡಿಕೊಳ್ಳಿ. ಟೆಸ್ಟ್ ಅಂದುಕೊಂಡು ಪ್ರೊಡಕ್ಷನ್ ತಿದ್ದಿದವರು ಈ ಹಾಲ್‌ನಲ್ಲೂ ಇರಬಹುದು. ತಿದ್ದಿದ ಮೇಲೆ, ಲ್ಯಾಪ್‌ಟಾಪ್ ಮುಚ್ಚುವ ಮೊದಲು, ಅದೇ ಬದಲಾವಣೆಯನ್ನು ಫೈಲಿಗೂ ಹಾಕಿ. ಬೆಳಿಗ್ಗೆ ಅಂತ ಬಿಡಬೇಡಿ. ಬೆಳಿಗ್ಗೆಗೆ ಬೇರೆ ಕೆಲಸ ಬಂದಿರುತ್ತದೆ. ಹೊಸದು ಕೆಟ್ಟರೆ ಹಿಂದಿನ ಆವೃತ್ತಿಗೆ ಮರಳಿಸುವ ರೋಲ್‌ಔಟ್ ಅನ್‌ಡೂ ಕಮಾಂಡ್ ಇದೆ. ಬೇರೆ ಹೇಳದಿದ್ದರೆ ಹಳೆಯ 10 ಆವೃತ್ತಿಗಳನ್ನು ಡಿಪ್ಲಾಯ್‌ಮೆಂಟ್ ಇಟ್ಟುಕೊಂಡಿರುತ್ತದೆ. ಬದಲಿಸಬೇಕಾದದ್ದು ಒಂದೇ ಸಂಖ್ಯೆ ಆದರೆ ಎಡಿಟ್ ಬದಲು ಸ್ಕೇಲ್ ಅಥವಾ ಸೆಟ್ ಕಮಾಂಡ್ ಬಳಸಿ. ಆಗ ಏನು ಮಾಡಿದಿರಿ ಅನ್ನುವುದು ಆ ಒಂದು ಸಾಲಿನಲ್ಲೇ ಇರುತ್ತದೆ. ಅದನ್ನು ಹಾಗೇ ಟೀಮಿನ ಗ್ರೂಪಿಗೆ ಹಾಕಬಹುದು.

ಮಾತು ಇಷ್ಟು ಸಾಕು. ಲ್ಯಾಪ್‌ಟಾಪಿನಲ್ಲೇ ಓಡುವ ಪುಟ್ಟ ಕ್ಲಸ್ಟರ್ ಆದ ಮಿನಿಕ್ಯೂಬ್ ಹಾಕಿಕೊಂಡು ಬಂದವರು ಲ್ಯಾಪ್‌ಟಾಪ್ ತೆಗೆದು ಮುಂದಿನ ಸಾಲಿಗೆ ಬನ್ನಿ, ಇಲ್ಲದವರು ಪಕ್ಕದವರ ಜೊತೆ ಕೂತುಕೊಳ್ಳಿ. ಎಡಿಟ್‌ನಲ್ಲಿ ಮೆಮೊರಿ ಮಿತಿ ಬದಲಿಸಿ, ಒಂದು ವೇರಿಯಬಲ್ ಸೇರಿಸೋಣ. ಆಮೇಲೆ ಹಳೆಯ ಫೈಲನ್ನೇ ಅಪ್ಲೈ ಮಾಡಿ ಯಾವುದು ಹೋಯಿತು, ಯಾವುದು ಉಳಿಯಿತು ನೋಡೋಣ. ತೀರ್ಥಹಳ್ಳಿಯವರು ನನ್ನ ಹತ್ತಿರ ಬನ್ನಿ. ಎಡಿಟರ್ ತೆರೆದಿರುವಾಗಲೇ ನಿಮ್ಮ ಕೈಯಿಂದ ಟರ್ಮಿನಲ್ ಮುಚ್ಚಿಸುತ್ತೇನೆ.